ಮುಚ್ಚಿದ ಫ್ಯಾಕ್ಟರಿ ಜಾಗಾ ನಗರಸಭೆ ಕೈಗೆ ಬರೋ ಮೊದಲ ಏನೇನ್ ಮಾಡಬೇಕು: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಊರು ಬೆಳದಂಗ ಒಂದು ಕಾಲಕ್ಕ ಊರ ಹೊರಗಿದ್ದ ಫ್ಯಾಕ್ಟರಿಗಳು ಈಗ ನಟ್ಟ ನಡುವ ಬಂದಾವ. ಹುಬ್ಬಳ್ಳಿ, ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರು, ಯಾವ ಊರರೆ ತಗೋರಿ, ಎಲ್ಲೆರೆ ಒಂದು ಕಡೆ ಕೀಲಿ ಹಾಕಿದ ಶೆಡ್ಡು, ಜಾಲಿಗಿಡ ಬೆಳದ ಕಾಂಪೌಂಡು ಕಾಣತೈತಿ. ಅದು ನಗರಸಭೆಗೆ ಬರತೈತಂತ ಅಂದಕೂಡ್ಲೆ ಒಬ್ಬರು ಸಂತಿ ಮೈದಾನ ಮಾಡೂಣು ಅಂತಾರ, ಒಬ್ಬರು ಆಶ್ರಯ ಮನಿ ಅಂತಾರ, ಇನ್ನೊಬ್ಬರು ಗಾರ್ಡನ್ನು, ಸಾಲಿ, ಬಸ್ ಸ್ಟ್ಯಾಂಡು, ಮತ್ತ ಊರ ನಡುವ ಅಷ್ಟು ದೊಡ್ಡ ಜಾಗಾ ಸಿಗೋದು ಅಪರೂಪ ಇರೋದ್ರಿಂದ ಈ ಆಸೆ ತಪ್ಪಲ್ಲ. ಆದ್ರ ಆ ಮಣ್ಣಿನ್ಯಾಗ ಏನೈತಿ, ಅದನ್ನ ತಗಿಯೋ ಖರ್ಚು ಯಾರದು, ಬಾಜು ಓಣಿ ಬೋರಿಗೆ ಅದು ಇಳದಿದ್ರ ನಾಳೆ ಉತ್ತರ ಹೇಳಬೇಕಾದವರು ಯಾರು, ಇವನ್ನ ಠರಾವು ಪಾಸ್ ಆಗೋ ಮೊದಲ ಕೇಳೋರು ಭಾಳ ಕಡಿಮಿ.

ನಾ ಇಲ್ಲಿ ಹೇಳೋದರ ತಿರುಳು ಇಷ್ಟ: ಕಬ್ಜಾ ತಗೊಳ್ಳೋತನಕ ಊರಿನ ಕೈ ಮ್ಯಾಲ ಇರತೈತಿ, ಕಬ್ಜಾ ತಗೊಂಡ ಮರುದಿನ ಊರಿನ ಕೈ ಕೆಳಗ ಹೋಗತೈತಿ. ಎಲ್ಲಾ ಟೆಸ್ಟು, ಎಲ್ಲಾ ಚೌಕಾಶಿ, ಎಲ್ಲಾ ಪತ್ರ ಆ ಮೊದಲಿನ ದಿನದೊಳಗ ಮುಗೀಬೇಕು. ಪುರಸಭೆ, ನಗರಸಭೆ ಸದಸ್ಯರು, ಎಂಜಿನಿಯರು, ಪರಿಸರ ಎಂಜಿನಿಯರು, ಚೀಫ್ ಆಫೀಸರು, ಮತ್ತ ಆ ಜಾಗಾದ ಬಾಜು ಇರೋ ಮಂದಿ, ಎಲ್ಲಾರೂ ಓದ್ಲಿ ಅಂತ ಬರೀತಿದೀನಿ.

ಮೊದಲ ಕಾನೂನು ಏನಂತೈತಿ ತಿಳಕೋರಿ

1986ರ ಪರಿಸರ ಸಂರಕ್ಷಣಾ ಕಾಯ್ದೆ ತಗದು 2ನೇ ಸೆಕ್ಷನ್ ನೋಡ್ರಿ. ಅದರಾಗ ಅಧಿಭೋಗದಾರ, ಅಂದ್ರ ಆಕ್ಯುಪೈಯರ್ ಯಾರು ಅಂದ್ರ ಆ ಫ್ಯಾಕ್ಟರಿ ಅಥವಾ ಆವರಣದ ಮ್ಯಾಲ ಯಾರ ಹತೋಟಿ ಐತೋ ಅವರು, ಮತ್ತ ಯಾವುದರೆ ವಸ್ತು ಇದ್ರ ಅದು ಯಾರ ಸ್ವಾಧೀನದಾಗ ಐತೋ ಅವರೂ ಸೈತ. ಅಂದ್ರ ಶೆಡ್ಡಿನ ಮೂಲ್ಯಾಗ ಹಳೇ ಡ್ರಮ್ ಬಿದ್ದಿದ್ದು, ಕೀಲಿ ಕೈ ನಗರಸಭೆ ಟೇಬಲ್ ಮ್ಯಾಲ ಬಂತು ಅಂದ್ರ, ಡ್ರಮ್ಮಿನ್ಯಾಗ ಇರೋದನ್ನ ತುಂಬಿದವರು ಯಾರೇ ಇರಲಿ, ಮೊದಲ ನೋಟಿಸ್ ಬರೋದು ನಗರಸಭೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ 23ನೇ ನಿಯಮನೂ ಹಾನಿಗೆ ಆಕ್ಯುಪೈಯರ್ ಹೊಣೆ ಅಂತ ಹೇಳತೈತಿ.

ಮಾಲಿನ್ಯ ಮಾಡಿದವನ ರೊಕ್ಕ ಕೊಡಬೇಕು ಅನ್ನೋ ತತ್ವ ನಮ್ಮಲ್ಲಿ ಗಟ್ಟಿ ಐತಿ, ಅದರಾಗ ಸಂಶಯ ಇಲ್ಲ. 1996ರಾಗ ಸುಪ್ರೀಂ ಕೋರ್ಟ್ ರಾಜಸ್ಥಾನದ ಬಿಛ್ರಿ ಊರಿನ ಕೇಸಿನ್ಯಾಗ, ಅದೇ ವರ್ಷ ತಮಿಳುನಾಡಿನ ಚರ್ಮ ಹದ ಮಾಡೋ ಕಾರ್ಖಾನೆಗಳ ಕೇಸಿನ್ಯಾಗ ಇದನ್ನ ಸ್ಪಷ್ಟ ಹೇಳೇತಿ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಸೆಕ್ಷನ್ನಿನ್ಯಾಗ ಅದು ಬರವಣಿಗಿಯೊಳಗ ಐತಿ. ಆದ್ರ ಬಿಛ್ರಿದು ಮುಂದ ಏನಾತು ಅದನ್ನೂ ನೋಡ್ರಿ. ಎಚ್-ಆಸಿಡ್ ಅನ್ನೋ, ಬಣ್ಣದ ತಯಾರಿಗೆ ಬೇಕಾಗೋ ರಾಸಾಯನಿಕ ಮಾಡೋ ಕಾರ್ಖಾನೆಯಿಂದ ಬಾವಿ ನೀರು ಕೆಂಪಾಗಿ ಹೋದ ಊರದು, ಮಣ್ಣು ನೀರು ಸರಿ ಮಾಡಾಕ 37 ಕೋಟಿ ಚಿಲ್ರ ರೂಪಾಯಿ ಅಂತ ಲೆಕ್ಕ ಆತು, ಕಂಪನಿ ಅರ್ಜಿ ಮ್ಯಾಲ ಅರ್ಜಿ ಹಾಕಿ ಎಳಕೊಂತ ಹೋತು, 2011ರಾಗ ಕೋರ್ಟು ಚಕ್ರಬಡ್ಡಿ ಹಾಕಿ ಕಟ್ಟರಿ ಅನ್ನಬೇಕಾತು. ತತ್ವ ಊರಿನ ಪರ ಇದ್ರೂ 15 ವರ್ಷ ಊರಿನ ಮಂದಿ ಅದೇ ನೀರಿನ ಬಾಜುನ ಇದ್ರು. ಹಂಗಾಗಿ ತತ್ವ ಐತಲ್ಲ, ಆಮ್ಯಾಲ ವಸೂಲಿ ಮಾಡಿದ್ರಾತು ಅಂತ ಕಬ್ಜಾ ತಗೋಬ್ಯಾಡ್ರಿ.

ಇನ್ನೊಂದು ಹೊಸಾದು. ಕೇಂದ್ರ ಪರಿಸರ ಇಲಾಖೆ 2025ರ ಜುಲೈದಾಗ ಕಲುಷಿತ ಜಾಗಾಗಳ ನಿರ್ವಹಣೆಗೇ ಅಂತ ಬ್ಯಾರೆ ನಿಯಮ ತಂದೈತಿ. ಇದು ಬರೋತನಕ ಅಂಥಾ ಜಾಗಾ ಗುರುತಿಸಿದ ಮ್ಯಾಲ ಮುಂದ ಏನು ಅನ್ನೋದಕ್ಕ ಕಾನೂನಿನ ದಾರಿನ ಸರಿಯಾಗಿ ಇರಲಿಲ್ಲ, ದೇಶದಾಗ ಗುರುತಾದ 103 ಜಾಗಾದಾಗ ಕ್ಲೀನಿಂಗ್ ಕೆಲಸ ಚಾಲೂ ಆಗಿದ್ದು ಬರೇ 7 ಕಡೆ. ಇದರ ಪ್ರಕಾರ ಹೆಂಗ ಹೋಗಬೇಕು ಅನ್ನೋದು ಮುಂದ ಬರತೈತಿ.

ಹೆಜ್ಜಿ 1: ಠರಾವಿನ್ಯಾಗ "ತಾತ್ವಿಕ ಒಪ್ಪಿಗೆ" ಅಷ್ಟ ಬರೀರಿ

ಜಾಗಾ ಯಾವ ದಾರಿಲೆ ಬರತೈತಿ ಅನ್ನೋದರ ಮ್ಯಾಲ ಅಪಾಯ ಬದಲಾಗತೈತಿ. ನೇರ ಖರೀದಿ ಇದ್ರ ಚೌಕಾಶಿಗೆ ದಾರಿ ಐತಿ. ದಾನಪತ್ರ ಅಂದ್ರ ಹುಷಾರಿರ್ರಿ, ಪುಕ್ಕಟೆ ಕೊಡತಾರ ಅಂದಾಗನ ಯಾಕ ಕೊಡತಾರ ಅಂತ ಕೇಳಬೇಕು. ಬಾಕಿ ತೆರಿಗಿ ಬದ್ಲಿ ಜಾಗಾ ತಗೋರಿ ಅನ್ನೋರೂ ಇರತಾರ. ಬ್ಯಾಂಕ್ ಹರಾಜು ಅಥವಾ ದಿವಾಳಿ ಆದ ಕಂಪನಿಯ ಲಿಕ್ವಿಡೇಟರ್ (ಆಸ್ತಿ ಮಾರಿ ಸಾಲ ತೀರಸಾಕ ನೇಮಿಸಿದವರು) ಕಡಿಂದ ಬಂದ್ರ ಅಲ್ಲಿ ಷರತ್ತು ಒಂದೇ ಇರತೈತಿ, ಎಲ್ಲೈತೋ ಅಲ್ಲೇ, ಹೆಂಗೈತೋ ಹಂಗ, ಆಮ್ಯಾಲ ತಕರಾರು ಇಲ್ಲ. ಆ ಒಂದು ಸಾಲಿನ್ಯಾಗ ಮಣ್ಣಿನೊಳಗಿನ ವಿಷಾನೂ ಸೇರೇತಿ ಅಂತ ತಿಳಕೊಂಡ ಬಿಡ್ ಹಾಕ್ರಿ. ಕೆಐಎಡಿಬಿ, ಅಂದ್ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಲೀಸ್ ಜಾಗಾ ಆಗಿದ್ರ ಮೊದಲಿನ ಲೀಸ್‌ದಾರ ಖಾಲಿ ಮಾಡೋ ಮುಂದ ಯಾವ ಸ್ಥಿತಿಯೊಳಗ ಬಿಟ್ಟುಕೊಡಬೇಕು ಅನ್ನೋ ಷರತ್ತು ಲೀಸ್ ಪತ್ರದಾಗ ಐತೇನ್ ಹುಡುಕ್ರಿ, ಇದ್ರ ಊರಿಗೆ ಹಸ್ತಾಂತರ ಆಗೋ ಮೊದಲ ಅದನ್ನ ಜಾರಿ ಮಾಡ್ರಿ ಅಂತ ಕೆಐಎಡಿಬಿಗೆ ಬರೀರಿ.

ಅಮೆರಿಕಾದಾಗ ತೆರಿಗಿ ಬಾಕಿ ಇಂಥಾ ಕಾರಣಕ್ಕ ಸ್ಥಳೀಯ ಸಂಸ್ಥೆಗೆ ಜಾಗಾ ಬಂದ್ರ ಅದಕ್ಕ ಕಾನೂನಿನ್ಯಾಗ ಸ್ವಲ್ಪ ರಕ್ಷಣೆ ಐತಿ. ಇಲ್ಲಿ ಅಂಥಾ ಮಾಫಿ ಐತಿ ಅಂತ ನಂಬಿ ಕುಂದರಬ್ಯಾಡ್ರಿ.

ಹಂಗಾಗಿ ಮೊದಲನೇ ಠರಾವಿನ್ಯಾಗ ತಾತ್ವಿಕ ಒಪ್ಪಿಗೆ, ಪರಿಸರ ಪರಿಶೀಲನೆ ವರದಿ ಬಂದ ಮ್ಯಾಲ ಅಂತಿಮ ನಿರ್ಣಯ, ಅಲ್ಲಿತನಕ ಕಬ್ಜಾ, ಕೀಲಿ, ವಾಚ್‌ಮನ್ ಜವಾಬ್ದಾರಿ ಏನೂ ತಗೋಳಂಗಿಲ್ಲ ಅಂತ ಬರೇ ನಾಲ್ಕು ಸಾಲು ಬರೀರಿ ಸಾಕು. ಟೆಸ್ಟ್ ಮಾಡಾಕ ಒಳಗ ಬರಾಕ ಮಾಲೀಕರಿಂದ ಬರವಣಿಗಿಯೊಳಗ ಪರವಾನಿಗಿ ತಗೋರಿ. ಪರವಾನಿಗಿ ಕೊಡಾಕ ಒಲ್ಲೆ ಅಂದ್ರ ಅಲ್ಲಿಗೆ ನಿಲ್ಲಿಸಿಬಿಡ್ರಿ, ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಹೆಜ್ಜಿ 2: ಕಾಗದ ಹುಡುಕೋದು

ಇದು ಬ್ಯಾಸರ ಬರೋ ಕೆಲಸ ಆದ್ರೂ ಎಲ್ಲಾಕಿಂತ ಸ್ವಸ್ತದ್ದು ಮತ್ತ ಎಲ್ಲಾಕಿಂತ ಹೆಚ್ಚು ಹೇಳೋದು ಇದ ಕೆಲಸ, ಹಿಂಗಾಗಿ ಇದಕ್ಕ ಟೈಮ್ ಕೊಡ್ರಿ.

ಜಾಗಾದ ಉತಾರ, ಸಿಟಿ ಸರ್ವೇ ಉತಾರ, ಇಸಿ (ಋಣಭಾರ ಪತ್ರ), ಎಲ್ಲಾ ಎಷ್ಟು ಹಿಂದಿನ ತನಕ ಸಿಗತೈತೋ ಅಷ್ಟೂ ತಗಸ್ರಿ. ಆನ್‌ಲೈನ್‌ನ್ಯಾಗ ಇತ್ತೀಚಿನದಷ್ಟ ಸಿಗತೈತಿ, ಹಳೇದಕ್ಕ ಸಬ್ ರಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಇಲ್ಲಿ ಮಾಲೀಕರ ಹೆಸರಿಗಿಂತ ಮುಖ್ಯ ಏನಂದ್ರ ಯಾವ ಯಾವ ಕಾಲಕ್ಕ ಅಲ್ಲಿ ಯಾವ ಯಾವ ಧಂಧೆ ನಡೀತು ಅನ್ನೋದು. ಈಗ ಗೋದಾಮು ಅಂತ ಇರೋದು ಅದಕ್ಕಿಂತ ಹಿಂದ ಪ್ಲೇಟಿಂಗ್ ಶಾಪ್ (ಲೋಹದ ಸಾಮಾನಿಗೆ ಕ್ರೋಮ್‌ನಂಥಾ ಲೇಪ ಹಾಕೋ ಕಡೆ) ಇದ್ದಿರಬಹುದು, ಅದಕ್ಕಿಂತ ಹಿಂದ ಬ್ಯಾಟರಿ ಒಡಿಯೋ ಶೆಡ್ಡು ಇದ್ದಿರಬಹುದು.

ಆಮ್ಯಾಲ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿ. ಅಲ್ಲಿ ಆ ಫ್ಯಾಕ್ಟರಿ ಫೈಲ್ ಇರತೈತಿ, ಕನ್ಸೆಂಟ್ ಪತ್ರ, ಅಪಾಯಕಾರಿ ತ್ಯಾಜ್ಯದ ಆಥರೈಜೇಶನ್, ಪ್ರತಿ ವರ್ಷ ಜೂನ್ 30ರೊಳಗ ಕೊಡಬೇಕಾದ ಫಾರ್ಮ್ 4 ವಾರ್ಷಿಕ ಲೆಕ್ಕ, ತ್ಯಾಜ್ಯ ಲಾರಿ ಹತ್ತಿಸಿ ಕಳಿಸಿದಾಗಿನ ಫಾರ್ಮ್ 10 ಮ್ಯಾನಿಫೆಸ್ಟ್, ಅಂದ್ರ ಸಾಗಾಣಿಕಿ ಚೀಟಿ. ಸುಮ್ನ ಕೇಳಿದ್ರ ಸಿಗದಿದ್ರ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕ್ರಿ, 30 ದಿನದಾಗ ಉತ್ತರ ಕೊಡಬೇಕು. ಬಂದ ಮ್ಯಾಲ ಒಂದು ಹಾಳಿ ತಗೊಂಡು ಲೆಕ್ಕ ಮಾಡ್ರಿ: ವರ್ಷಕ್ಕ ಇಷ್ಟು ಟನ್ ಸ್ಲಡ್ಜ್ (ತ್ಯಾಜ್ಯದ ರಾಡಿ) ಹುಟ್ಟತೈತಿ ಅಂತ ಅವರ ಬರಕೊಟ್ಟಾರ, ಲಾರಿ ಹತ್ತಿ ಹೋಗಿದ್ದು ಇಷ್ಟು ಟನ್ ಅಂತ ಮ್ಯಾನಿಫೆಸ್ಟ್ ಹೇಳತಾವ. ಈ ಎರಡರ ನಡುವಿನ ಅಂತರ ಎಲ್ಲಿಗೆ ಹೋತು? ಅದು ಅದೇ ಕಾಂಪೌಂಡಿನೊಳಗ ಇರಬಹುದು, ಇಲ್ಲಾ ಬಾಜು ಹಳ್ಳದಾಗ. ನಿಯಮದ ಪ್ರಕಾರ ತ್ಯಾಜ್ಯ ಒಳಗ ಇಟ್ಟುಕೊಳ್ಳಾಕ ಸಾಮಾನ್ಯವಾಗಿ 90 ದಿನ ಅಷ್ಟ ಅವಕಾಶ, ಹಿಂಗಾಗಿ ವರ್ಷಗಟ್ಟಲೆ ಒಂದೂ ಮ್ಯಾನಿಫೆಸ್ಟ್ ಇಲ್ಲದ ಫೈಲ್ ಕಂಡ್ರ ಅದೇ ಒಂದು ಸೂಚನೆ.

ಕಾರ್ಖಾನೆ ಇಲಾಖೆಯೊಳಗ ಮಂಜೂರಾದ ನಕ್ಷೆ ಸಿಗತೈತಿ, ಟ್ಯಾಂಕು, ಪಿಟ್ಟು, ಪ್ಲೇಟಿಂಗ್ ಸಾಲು ಎಲ್ಲಿದ್ದವು ಅನ್ನೋದು ಅದರಾಗ ಐತಿ. ನೆಲದೊಳಗ ಡೀಸೆಲ್, ಫರ್ನೇಸ್ ಆಯಿಲ್ ಟ್ಯಾಂಕ್ ಇತ್ತೇನು ಅನ್ನೋದಕ್ಕ ಸ್ಫೋಟಕ ಇಲಾಖೆಯ ಲೈಸನ್ಸು, ಟ್ರಾನ್ಸ್‌ಫಾರ್ಮರ್ ಎಷ್ಟಿದ್ದವು, ಯಾರವು ಅನ್ನೋದಕ್ಕ ಹೆಸ್ಕಾಂ.

ಮತ್ತ ಕಾಗದದಾಗ ಇಲ್ಲದ್ದು ಗೊತ್ತಿರೋದು ಹಳೇ ಕೆಲಸಗಾರರಿಗೆ. ಊರಾಗ ಇನ್ನೂ ಇರತಾರ, ರಿಟೈರ್ ಆಗಿ ಚಹಾದಂಗಡಿ ಕಟ್ಟಿ ಮ್ಯಾಲ ಕುಂತಿರತಾರ. ಗೌರವದಿಂದ ಕರೀರಿ, ನಕ್ಷೆ ಮುಂದ ಇಟ್ಟು, ಕಾಕಾ, ಟ್ಯಾಂಕ್ ತೊಳದ ನೀರು ಎಲ್ಲಿ ಬಿಡತಿದ್ರಿ, ತಗ್ಗು ತೋಡಿ ಏನರೆ ಮುಚ್ಚಿದ್ರೇನು ಅಂತ ಕೇಳ್ರಿ. ಹೆಸರು ಹೊರಗ ಬರಂಗಿಲ್ಲ ಅಂತ ಮಾತು ಕೊಡ್ರಿ, ಕೊಟ್ಟ ಮಾತು ಉಳಸ್ಕೋರಿ.

ಹೆಜ್ಜಿ 3: ಅಡ್ಡಾಡಿ ನೋಡೋದು

ಗಮ್ ಬೂಟು, ಕೈಗವಸು, ಮಾಸ್ಕ್ ಹಾಕ್ಕೊಂಡ ಹೋಗ್ರಿ, ಒಬ್ಬರ ಹೋಗಬ್ಯಾಡ್ರಿ, ಮುಚ್ಚಿದ ಟ್ಯಾಂಕಿನ್ಯಾಗ, ತಗ್ಗಿನ್ಯಾಗ ಯಾವ ಕಾರಣಕ್ಕೂ ಇಳೀಬ್ಯಾಡ್ರಿ, ಅಲ್ಲಿ ಗಾಳಿ ಇರಂಗಿಲ್ಲ. ಪ್ರತಿ ಫೋಟೋಕ್ಕ ಜಾಗಾ ಗುರುತು ಇರಲಿ.

ಪ್ಲೇಟಿಂಗ್ ಶೆಡ್ಡಾಗಿದ್ರ ನೆಲದ ಸಿಮೆಂಟ್ ಆಸಿಡ್ ತಿಂದು ಒಳಗಿನ ಖಡಿ ಕಾಣತಿರತೈತಿ, ಗ್ವಾಡಿ ಬುಡಕ್ಕ, ಗಟಾರ ಅಂಚಿಗೆ ಹಳದಿ, ಹಸಿರು ಹಳದಿ ಕಲೆ ಕಂಡ್ರ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಮ್ಮಿನ ಭಾಳ ವಿಷದ ರೂಪ) ಅಂತ ಸಂಶಯ ಪಡಬೇಕು. ಮಳಿಗಾಲದಾಗ ನಿಂತ ನೀರೂ ಹಳದಿ ತಿರಗತೈತಿ. ತಮಿಳುನಾಡಿನ ರಾಣಿಪೇಟೆಯೊಳಗ ಒಂದು ಕ್ರೋಮೇಟ್ ಫ್ಯಾಕ್ಟರಿ 1990ರ ದಶಕದಾಗ ಮುಚ್ಚಿ ಲಕ್ಷಾಂತರ ಟನ್ ಕ್ರೋಮಿಯಂ ತ್ಯಾಜ್ಯ ಬಿಟ್ಟು ಹೋತು, ಮುಚ್ಚಿ ದಶಕಗಳಾದ ಮ್ಯಾಲೂ ಸುತ್ತಲಿನ ನೆಲದೊಳಗಿನ ನೀರಿಗೆ ಅದರ ಕಾಟ ತಪ್ಪಲಿಲ್ಲ. ಫ್ಯಾಕ್ಟರಿ ಬಂದ್ ಆತು ಅಂದ್ರ ಮಾಲಿನ್ಯನೂ ಬಂದ್ ಆತು ಅನ್ನೋದು ಸುಳ್ಳು.

ಹಳೇ ಟ್ರಾನ್ಸ್‌ಫಾರ್ಮರ್ ಇದ್ರ ಅದರ ಮೈಮ್ಯಾಲಿನ ಪ್ಲೇಟ್ ಫೋಟೋ ತಗೋರಿ, ತಯಾರಾದ ವರ್ಷ, ಎಣ್ಣಿ ಎಷ್ಟು ಲೀಟರ್, ಎಲ್ಲಾ ಅದರಾಗ ಇರತೈತಿ. ಪಿಸಿಬಿ ಅನ್ನೋ ರಾಸಾಯನಿಕ ಹಳೇ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಎಣ್ಣಿಯೊಳಗ ಇರಬಹುದು, 2016ರ ಆದೇಶದ ಪ್ರಕಾರ ಅದರ ಬಳಕೆಗೆ 2025ರ ಡಿಸೆಂಬರ್ 31 ಕಡೀ ದಿನ ಇತ್ತು. ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಈ ವಿಷಯದಾಗ ಕೆಲಸ ಮಾಡೇತಿ, ಎಣ್ಣಿ ಟೆಸ್ಟಿಗೆ ಅವರನ್ನ ಕೇಳ್ರಿ. ಗುಜರಿಯವರು ತಾಮ್ರದ ಆಸೆಗೆ ಟ್ರಾನ್ಸ್‌ಫಾರ್ಮರ್ ಒಡದು ಎಣ್ಣಿ ನೆಲಕ್ಕ ಚೆಲ್ಲಿದ್ರ ಆ ಕರೀ ಮಣ್ಣೂ ಟೆಸ್ಟಿಗೆ ಹೋಗಬೇಕು. ಸಿಮೆಂಟ್ ಶೀಟಿನ ಚಾವಣಿ ಇದ್ರ ಅದರಾಗ ಆಸ್ಬೆಸ್ಟಾಸ್ ಐತಿ ಅಂತನ ತಿಳಕೋರಿ, ಜೆಸಿಬಿ ಹಚ್ಚಿ ಪುಡಿ ಮಾಡಬಾರದು, ನೀರು ಹೊಡದು ತೊಯ್ಸಿ ಇಡೀ ಇಡೀ ಶೀಟ್ ಇಳಸಬೇಕು.

ನಮ್ಮ ಕಡೆಯ ಧಂಧೆಗಳ ಲೆಕ್ಕದಾಗ ಹೇಳೋದಾದ್ರ ಹತ್ತಿ ಜಿನ್ನಿಂಗ್ ಪ್ರೆಸ್ ಅಷ್ಟು ಭಯ ಇಲ್ಲ, ಎಂಜಿನ್ ಎಣ್ಣಿ, ಬಾಯ್ಲರ್ ಬೂದಿ, ಚಾವಣಿ ನೋಡಿದ್ರ ಆತು. ಬಣ್ಣ ಹಾಕೋ ಘಟಕ ಅಂದ್ರ ಉಪ್ಪು, ಬಣ್ಣ, ಲೋಹ. ಫೌಂಡ್ರಿ ಅಂದ್ರ ಸುಟ್ಟ ಉಸುಕಿನ ದಿಬ್ಬ, ಅದರಾಗ ಫೀನಾಲು, ಲೋಹ. ಬ್ಯಾಟರಿ ಕೆಲಸ ಅಂದ್ರ ಸೀಸ, ಇದು ಸಣ್ಣ ಮಕ್ಕಳ ಮಿದುಳಿಗೆ ಹಾನಿ ಮಾಡತೈತಿ, ಹಿಂಗಾಗಿ ಆ ಜಾಗಾದಾಗ ಸಾಲಿ, ಗಾರ್ಡನ್ ಅಂತ ಯೋಚನೆ ಇದ್ರ ಅತಿ ಹುಷಾರಿ ಬೇಕು. ರಾಣೆಬೆನ್ನೂರು, ಹಾವೇರಿ ಕಡೆ ಹಳೇ ಬೀಜದ ಗೋದಾಮು ಇದ್ರ ಬೀಜೋಪಚಾರದ ಪುಡಿ ಎಲ್ಲಿ ಕಲಸತಿದ್ರು ಕೇಳ್ರಿ, ಹಿಂದಕ ಪಾದರಸ ಇರೋ ಪುಡಿಗಳೂ ಬಳಕಿಯೊಳಗ ಇದ್ದವು.

ಹೆಜ್ಜಿ 4: ಮಣ್ಣು, ನೀರು ಟೆಸ್ಟ್

ಇಲ್ಲಿ ಭಾಳ ಮಂದಿ ಎಡವೋದು ಏನಂದ್ರ ಕೃಷಿ ಮಣ್ಣು ಪರೀಕ್ಷೆ ರಿಪೋರ್ಟ್ ತಂದು ಮಣ್ಣು ಚಲೋ ಐತಿ ಅಂತ ತೋರಸ್ತಾರ. ಅದು ಸಾರಜನಕ, ರಂಜಕ, ಪೊಟ್ಯಾಷ್ ನೋಡೋ ಟೆಸ್ಟ್, ಬೆಳಿಗೆ ಬೇಕಾದದ್ದು. ನಿಮಗ ಬೇಕಾಗಿದ್ದು ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ಎಣ್ಣಿ ಅಂಶ, ದ್ರಾವಕಗಳು, ಬೇಕಿದ್ರ ಪಿಸಿಬಿ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬ್ ಬೇಕು, ಅದೂ ನೀವು ಕೇಳೋ ಅದೇ ಟೆಸ್ಟಿಗೆ ಮಾನ್ಯತೆ ಐತೇನು ಅಂತ ಅವರ ಪಟ್ಟಿಯೊಳಗ ನೋಡ್ರಿ.

ನಮ್ಮ ನೆಲದ ಗುಣ ಅರ್ಥ ಮಾಡಕೊಂಡ ಸ್ಯಾಂಪಲ್ ತಗೀಬೇಕು. ಹುಬ್ಬಳ್ಳಿಯಿಂದ ಗದಗ ಕಡೆ ಹೋದ್ರ ಎರಿ ಮಣ್ಣು. ಅದರ ಜೇಡಿ ಭಾಳಷ್ಟು ಲೋಹ ಹಿಡಕೊಂಡು ಕುಂದ್ರತೈತಿ, ಇದು ಒಳ್ಳೇದು. ಆದ್ರ ಬ್ಯಾಸಿಗಿಯೊಳಗ ಅದ ಎರಿ ಕೈ ಹೋಗುವಷ್ಟು ಬಿರುಕು ಬಿಡತೈತಿ, ಆವಾಗ ಮ್ಯಾಲ ಚೆಲ್ಲಿದ ಎಣ್ಣಿ, ಆಸಿಡ್ ನೀರು ಬಿರುಕಿನ್ಯಾಗ ಹಾದು ಸೀದಾ ಕೆಳಗ ಇಳದಿರತೈತಿ. ಮ್ಯಾಲಿನ ಮಣ್ಣು ಟೆಸ್ಟ್ ಮಾಡಿ ಕ್ಲೀನ್ ಅಂದ್ರ ಕೆಳಗೂ ಕ್ಲೀನ್ ಅಂತ ಅರ್ಥ ಅಲ್ಲ. ಮಸಾರಿ ನೆಲದಾಗ ನೀರು ಇಳಿಯೋದ ಜಲ್ದಿ. ಅದರ ಕೆಳಗ ಎಲ್ಲಾ ಕಡೆ ಸವದ ಕಲ್ಲು, ಬಿರುಕು ಬಿಟ್ಟ ಬಂಡಿ, ನೀರು ಆ ಬಿರುಕಿನ ದಾರಿ ಹಿಡದ ಹೋಗತೈತಿ, ಹಿಂಗಾಗಿ ಕಾಂಪೌಂಡಿಗೆ ಹತ್ತಿದ ಬೋರು ಚಲೋ ಇದ್ದು, ಎರಡು ಓಣಿ ಆಚಿನ ಬೋರು ಕೆಟ್ಟಿರಬಹುದು. ಸುತ್ತಲಿನ ಬೋರು, ಬಾವಿ ಎಲ್ಲಾ ಪಟ್ಟಿ ಮಾಡಿ ಎಲ್ಲಾದರಾಗಿಂದೂ ತಗೋರಿ.

ಮಣ್ಣು ಮ್ಯಾಲಿನ ಗೇಣಿನೊಳಗ ಒಂದು, ಒಂದು ಮೀಟರ್ ಆಳಕ್ಕ ಒಂದು, ಆಮ್ಯಾಲ ಸವದ ಕಲ್ಲು ಹತ್ತೋತನಕ ಇನ್ನೊಂದು. ಇಡೀ ಜಾಗಾಕ್ಕ ಚೌಕ ಹಾಕಿ ತಗೊಳ್ಳೋದರ ಜೊತಿಗೆ ಕಲೆ, ತಗ್ಗು, ಗಟಾರ ಕೊನಿ ಇಂಥಾ ಸಂಶಯದ ಕಡೆ ಬ್ಯಾರೇನ ತಗೋರಿ. ಹತ್ತು ಕಡೆ ಮಣ್ಣು ಕಲಸಿ ಒಂದು ಸ್ಯಾಂಪಲ್ ಮಾಡಾಕ ಒಪ್ಪಬ್ಯಾಡ್ರಿ, ಒಂದು ಕಡೆ ವಿಷ ಇದ್ರೂ ಒಂಬತ್ತು ಕಡಿ ಚಲೋ ಮಣ್ಣಿನ್ಯಾಗ ಅದು ಮುಚ್ಚಿ ಹೋಗತೈತಿ. ಬೋರಿನ ನೀರು ಹಿಡಿಯೋ ಮೊದಲ ಪೈಪಿನ್ಯಾಗ ನಿಂತ ನೀರು ಹೋಗೋತನಕ ಮೋಟಾರ್ ಓಡಸ್ರಿ. ಎಣ್ಣಿ, ದ್ರಾವಕದ ಟೆಸ್ಟಿಗೆ ಗಾಜಿನ ಬಾಟ್ಲಿ, ಎಲ್ಲಾ ಐಸ್ ಡಬ್ಬಿಯೊಳಗ. ನೀರಿನ್ಯಾಗಿನ ಹೆಕ್ಸಾವೇಲೆಂಟ್ ಕ್ರೋಮಿಯಂ 24 ತಾಸಿನೊಳಗ ಟೆಸ್ಟ್ ಆಗಬೇಕು, ಅಂದ್ರ ಮುಂಜಾನೆ ಹಿಡದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹಾಕಿ ಅಲ್ಲಿ ಲ್ಯಾಬಿನವರು ಎರಡು ದಿನ ಬಿಟ್ಟು ತಗದ್ರ ಆ ರಿಪೋರ್ಟಿಗೆ ಬೆಲಿ ಇಲ್ಲ. ಮೊದಲ ಲ್ಯಾಬಿನವರ ಜೊತಿ ಮಾತಾಡಿ ದಿನ ಗೊತ್ತು ಮಾಡ್ರಿ.

ಜಾಗಾಕ್ಕ ಸಂಬಂಧ ಇಲ್ಲದ, ನೀರಿನ ಹರಿವಿಗೆ ಮ್ಯಾಲಿನ ಕಡೆ ಇರೋ ನೆಲ, ಬೋರಿಂದ ಹೋಲಿಕೆಗೆ ಸ್ಯಾಂಪಲ್ ಬೇಕ ಬೇಕು. ಗದಗ ಜಿಲ್ಲೆಯೊಳಗ, ಅದರಾಗೂ ಮುಂಡರಗಿ ಕಡೆ, ನೆಲದೊಳಗಿನ ನೀರಿಗೆ ಫ್ಲೋರೈಡ್ ಹುಟ್ಟಾ ಬಂದೈತಿ, ಅದನ್ನ ಫ್ಯಾಕ್ಟರಿ ಮ್ಯಾಲ ಹಾಕಿದ್ರ ಕಂಪನಿ ವಕೀಲರು ಅದೊಂದು ತಪ್ಪು ಹಿಡದು ನಿಮ್ಮ ಇಡೀ ರಿಪೋರ್ಟ್ ಹರದು ಹಾಕತಾರ. ಸೀಸಕ್ಕ, ಕ್ರೋಮಿಯಮ್ಮಿಗೆ ಅಂಥಾ ನೆಪ ಉಳೀಬಾರದು ಅಂದ್ರ ಹೋಲಿಕಿ ಸ್ಯಾಂಪಲ್ ಇರಬೇಕು. ಕುಡಿಯೋ ನೀರಿನ ಮಿತಿ ಐಎಸ್ 10500 ಅನ್ನೋ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಆರ್ಸೆನಿಕ್ 0.01, ಒಟ್ಟು ಕ್ರೋಮಿಯಂ 0.05, ಕ್ಯಾಡ್ಮಿಯಂ 0.003, ಪಾದರಸ 0.001. ತಗ್ಗಿನ್ಯಾಗಿನ ಸ್ಲಡ್ಜ್ ಇದ್ರ ಟಿಸಿಎಲ್‌ಪಿ ಅನ್ನೋ ಟೆಸ್ಟ್ ಹೇಳ್ರಿ, ಅದು ಮಳಿ ನೀರಿಗೆ ಎಷ್ಟು ಬಿಟ್ಟುಕೊಡತೈತಿ ಅಂತ ತೋರಸತೈತಿ. ಅದರಾಗ ಲೀಟರಿಗೆ ಸೀಸ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಪಾದರಸ 0.2 ದಾಟಿದ್ರ ಅದು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕ ಬರತೈತಿ.

ಒಂದು ಸಲ ಮೇ ತಿಂಗಳದಾಗ, ಒಂದು ಸಲ ಮಳಿ ಮುಗದ ಮ್ಯಾಲ ನೀರು ಟೆಸ್ಟ್ ಆದ್ರ ಚಲೋ. ಮತ್ತ ನಿಮ್ಮ ಸ್ವಂತ ಲ್ಯಾಬ್ ರಿಪೋರ್ಟ್ ಚೌಕಾಶಿಗೆ ಸಾಕು, ಕೋರ್ಟಿಗೆ ಸಾಲದು. ಪರಿಸರ ಕಾಯ್ದೆ 11ನೇ ಸೆಕ್ಷನ್, ವಾಟರ್ ಆಕ್ಟ್ 21ನೇ ಸೆಕ್ಷನ್‌ದಾಗ ಹೇಳಿದಂಗ ಅಧಿಕಾರಿಗಳು ನೋಟಿಸ್ ಕೊಟ್ಟು, ಸೀಲ್ ಹಾಕಿ ತಗದ ಸ್ಯಾಂಪಲ್ ಇದ್ರನ ಆ ಕಾಯ್ದೆಗಳ ಕೆಳಗ ಸಾಕ್ಷಿ ಆಗಿ ನಿಲ್ಲತೈತಿ, ಹಿಂಗಾಗಿ ಮಂಡಳಿಯವರಿಗೆ ಬರದು ಅವರ ಕೈಲೇನೂ ತಗಸ್ರಿ.

ಹೆಜ್ಜಿ 5: ಮಂಡಳಿಗೆ ಬರವಣಿಗಿಯೊಳಗ ತಿಳಸ್ರಿ

2025ರ ನಿಯಮದ ಪ್ರಕಾರ ಸಂಶಯ ಇರೋ ಜಾಗಾಗಳ ಪಟ್ಟಿ ಸ್ಥಳೀಯ ಸಂಸ್ಥೆ, ಜಿಲ್ಲಾಡಳಿತದ ಕಡಿಂದ ಆರು ತಿಂಗಳಿಗೊಮ್ಮೆ ಹೋಗಬೇಕು. ಪಟ್ಟಿ ಮುಟ್ಟಿದ 90 ದಿನದಾಗ ಮೊದಲನೇ ಪರಿಶೀಲನೆ, ಆಮ್ಯಾಲ ಮತ್ತ ಮೂರು ತಿಂಗಳದಾಗ ವಿವರವಾದ ಸಮೀಕ್ಷೆ. 2016ರ ನಿಯಮದಾಗಿನ 189 ಅಪಾಯಕಾರಿ ರಾಸಾಯನಿಕಗಳನ್ನ ನೋಡತಾರ. ಮಿತಿ ದಾಟಿದ್ರ ಜಾಗಾ ಬಹಿರಂಗ ಮಾಡಿ ಮಂದಿ ಓಡಾಟಕ್ಕ ನಿರ್ಬಂಧ ಹಾಕಿ ಕ್ಲೀನಿಂಗ್ ಪ್ಲಾನ್ ಮಾಡಸ್ತಾರ, ಹೊಣೆಗಾರ ಯಾರು ಅಂತ ಮಂಡಳಿ 90 ದಿನದಾಗ ಗುರುತಿಸಬೇಕು. ಹೊಣೆಗಾರ ಸಿಗದಿದ್ರ ಅಥವಾ ಕೊಡೋ ಶಕ್ತಿ ಇಲ್ಲದಿದ್ರ ಕೇಂದ್ರ, ರಾಜ್ಯ ಸೇರಿ ಖರ್ಚಿನ ವ್ಯವಸ್ಥೆ. ಆದ್ರ ಕ್ಲೀನಿಂಗ್ ಇಂಥಾ ದಿನದೊಳಗ ಮುಗೀಬೇಕು ಅನ್ನೋ ಗಡುವು ನಿಯಮದಾಗ ಇಲ್ಲ, ಇದು ದೊಡ್ಡ ಕೊರತೆ ಅಂತ ನನ್ನ ಅನಿಸಿಕೆ.

ಹಿಂಗಾಗಿ ಈ ಪತ್ರ ಜಾಗಾ ಇನ್ನೂ ಕಂಪನಿ ಹೆಸರಿನ್ಯಾಗ ಇದ್ದಾಗನ ಹೋಗಬೇಕು. ಆವಾಗ ಹೊಣೆಗಾರ ಯಾರು ಅನ್ನೋ ಪ್ರಶ್ನಿಗೆ ಉತ್ತರ ಕಣ್ಣ ಮುಂದನ ಇರತೈತಿ. ಹೆಸರು ಬದಲಾದ ಮ್ಯಾಲ ಕಳಿಸಿದ್ರ ಅದೇ ಪ್ರಶ್ನಿ ವರ್ಷಗಟ್ಟಲೆ ಎಳೀತೈತಿ. ರೇಡಿಯೋ ವಿಕಿರಣ, ಗಣಿ, ಸಮುದ್ರದ ಎಣ್ಣಿ, ಊರಿನ ಕಸದ ಡಂಪ್ ಈ ನಿಯಮಕ್ಕ ಬರಂಗಿಲ್ಲ, ಆದ್ರ ಕಸದ ಜೊತಿಗೆ ಫ್ಯಾಕ್ಟರಿ ವಿಷ ಸೇರಿ ಮಿತಿ ದಾಟಿದ್ರ ಬರತೈತಿ. ಅದಕ್ಕಂತನ ಖಾಲಿ ಫ್ಯಾಕ್ಟರಿ ಜಾಗಾದಾಗ ಊರಿನ ಕಸ ತಂದು ಹಾಕೋದನ್ನ ಇವತ್ತ ನಿಲ್ಲಸ್ರಿ, ಮುಂದ ಯಾರ ಮಾಲಿನ್ಯ ಯಾವುದು ಅಂತ ಬಿಡಸಾಕ ಆಗಂಗಿಲ್ಲ.

ಹೆಜ್ಜಿ 6: ಕರಾರು ಪತ್ರ

ಅಮೆರಿಕಾದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ಕಥಿ ಪ್ರತಿ ಸದಸ್ಯರಿಗೂ ಗೊತ್ತಿರಬೇಕು. ಒಂದು ರಾಸಾಯನಿಕ ಕಂಪನಿ 1942ರಿಂದ 1953ರತನಕ ಹಳೇ ಕಾಲುವಿಯೊಳಗ ಸುಮಾರು 21 ಸಾವಿರ ಟನ್ ವಿಷದ ತ್ಯಾಜ್ಯ ಹೂತು, ಮ್ಯಾಲ ಮಣ್ಣು ಮುಚ್ಚಿ, ಊರಿನ ಸಾಲಿ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಪತ್ರದಾಗ, ಇಲ್ಲಿ ರಾಸಾಯನಿಕ ಐತಿ, ಮುಂದ ಏನಾದ್ರೂ ನಮ್ಮ ಹೊಣೆ ಅಲ್ಲ ಅಂತ ಬರಸಕೊಂಡಿತ್ತು. ಮಂಡಳಿಯವರು ಓದಿ ಸಹಿ ಹಾಕಿದ್ರು. ಅಲ್ಲೇ ಸಾಲಿ ಕಟ್ಟಿದ್ರು, ಸುತ್ತ ಮನಿ ಬಂದವು. 1970ರ ದಶಕದ ಕೊನಿಗೆ ಮಳಿ, ಹಿಮ ಹೆಚ್ಚಾದಾಗ ಆ ವಿಷ ಮನಿಗಳ ನೆಲಮಾಳಿಗಿಗೆ ಜಿನುಗಿತು, 1978ರಾಗ ತುರ್ತು ಪರಿಸ್ಥಿತಿ ಸಾರಿ ನೂರಾರು ಕುಟುಂಬ ಎಬ್ಬಿಸಬೇಕಾತು, 1980ರಾಗ ಆ ದೇಶ ಅದಕ್ಕಂತನ ಹೊಸ ಕಾನೂನು ತಂತು.

ನಮ್ಮ ಭೋಪಾಲ್ ನೋಡ್ರಿ, ಯೂನಿಯನ್ ಕಾರ್ಬೈಡ್ ಫ್ಯಾಕ್ಟರಿ ಜಾಗಾದ ಲೀಸ್ ಮುಗದು 1998ರಾಗ ರಾಜ್ಯ ಸರ್ಕಾರದ ಕೈಗೆ ಬಂತು, ಅಲ್ಲಿ ಉಳದಿದ್ದ 337 ಟನ್ ತ್ಯಾಜ್ಯ ಹೊರಗ ಹೋಗಿದ್ದು 2025ರ ಜನವರಿಯೊಳಗ. ಅಷ್ಟು ದೊಡ್ಡ ಕೇಸಿನ್ಯಾಗ, ಒಂದು ರಾಜ್ಯ ಸರ್ಕಾರಕ್ಕ ಇಷ್ಟು ವರ್ಷ ಹಿಡೀತು ಅಂದ್ರ ನಮ್ಮ ಪುರಸಭೆಗಳ ಶಕ್ತಿ ಎಷ್ಟು ಅಂತ ಯೋಚನೆ ಮಾಡ್ರಿ.

ಹಂಗಾಗಿ ಕರಾರಿನ್ಯಾಗ, ಮೊದಲನೇದಾಗಿ ಮಾರೋರು ತಮಗ ಗೊತ್ತಿರೋ ಎಲ್ಲಾ ತಗ್ಗು, ಟ್ಯಾಂಕು, ಸೋರಿಕೆ, ಮಂಡಳಿ ನೋಟಿಸು ಬರದುಕೊಡಬೇಕು. ಸ್ವತ್ತು ವರ್ಗಾವಣೆ ಕಾಯ್ದೆ 55ನೇ ಸೆಕ್ಷನ್ ಪ್ರಕಾರ ಕಣ್ಣಿಗೆ ಕಾಣದ, ತಮಗ ಗೊತ್ತಿರೋ ದೋಷ ಹೇಳೋದು ಮಾರೋರ ಕರ್ತವ್ಯ, ಅದನ್ನ ಬರವಣಿಗಿಯೊಳಗ ತಗೋರಿ. ಎರಡನೇದು, ಕ್ಲೀನಿಂಗ್ ಅವರ ಮಾಡಿ, ಮಂಡಳಿಯಿಂದ ಪತ್ರ ತಂದು, ಆಮ್ಯಾಲ ಕಬ್ಜಾ. ಇದಕ್ಕಿಂತ ಚಲೋ ಕರಾರಿಲ್ಲ. ಅದಕ್ಕ ಒಪ್ಪದಿದ್ರ ಅಂದಾಜು ಖರ್ಚು ಬೆಲಿಯೊಳಗ ಕಡಿತ ಆಗಬೇಕು, ಅದರ ಮ್ಯಾಲ ಅಂದಾಜು ತಪ್ಪಿದ್ರ ಅಂತ ಇನ್ನಷ್ಟು ರೊಕ್ಕ ಬ್ಯಾರೆ ಖಾತೆಯೊಳಗ ಇಡಸಬೇಕು, ಯಾಕಂದ್ರ ನೆಲ ಅಗದ ಮ್ಯಾಲ ಖರ್ಚು ಏರೋದ ಹೆಚ್ಚು. ಮೂರನೇದು ನಷ್ಟ ಭರ್ತಿ ಕರಾರು. ಮುಂದ ಏನಾದ್ರೂ ನಾವ ಭರಸತೀವಿ ಅಂತ ಬರದುಕೊಡತಾರ, ಆದ್ರ ಮುಚ್ಚೋ ಹಾದಿಯೊಳಗಿರೋ ಕಂಪನಿ ಬರದುಕೊಟ್ಟ ಮಾತಿಗೆ ಆ ಕಂಪನಿ ಇರೋತನಕ ಅಷ್ಟ ಬೆಲಿ. ಅದರ ಬೆನ್ನಿಗೆ ಬ್ಯಾಂಕ್ ಗ್ಯಾರಂಟಿ ಅಥವಾ ದೊಡ್ಡ ಮೂಲ ಕಂಪನಿಯ ಗ್ಯಾರಂಟಿ ಇರಲೇಬೇಕು. ಕಂಪನಿ ದಿವಾಳಿ ಪ್ರಕ್ರಿಯೆಯೊಳಗ ಇದ್ರ ಲಿಕ್ವಿಡೇಟರ್ ಕರೆದ ಗಡುವಿನೊಳಗ ನಗರಸಭೆ ತನ್ನ ಬಾಕಿ, ಹಾನಿ ಕ್ಲೇಮ್ ಹಾಕಬೇಕು, ಗಡುವು ದಾಟಿದ್ರ ಕೈಗೆ ಏನೂ ಹತ್ತಂಗಿಲ್ಲ.

ಕಬ್ಜಾ ತಗೊಳ್ಳೋ ದಿನ ಪಂಚನಾಮಾ, ವಿಡಿಯೋ, ಪ್ರತಿ ಡ್ರಮ್ಮಿಗೆ ನಂಬರ್. ಆ ದಿನದ ಮಣ್ಣು, ನೀರಿನ ರಿಪೋರ್ಟ್ ಕರಾರಿಗೆ ಲಗತ್ತು ಮಾಡ್ರಿ, ನಾವು ಬರೋ ಮೊದಲ ಇಷ್ಟಿತ್ತು ಅನ್ನೋದಕ್ಕ ಅದ ಸಾಕ್ಷಿ.

ಹೆಜ್ಜಿ 7: ಕ್ಲೀನಿಂಗ್, ಮತ್ತ ಆ ಜಾಗಾ ಯಾತಕ್ಕ

ಯಾತಕ್ಕ ಬಳಸ್ತೀರಿ ಅನ್ನೋದರ ಮ್ಯಾಲ ಎಷ್ಟು ಕ್ಲೀನ್ ಆಗಬೇಕು ಅನ್ನೋದು ನಿಂತೈತಿ. ಹೊಲ, ಮನಿ, ಅಂಗಡಿ, ಕೈಗಾರಿಕೆ, ಒಂದೊಂದಕ್ಕ ಒಂದೊಂದು ಮಿತಿ. ಕೊಡೈಕೆನಾಲ್‌ದಾಗ 2001ರಾಗ ಬಂದ್ ಆದ ಥರ್ಮಾಮೀಟರ್ ಫ್ಯಾಕ್ಟರಿ ಮಣ್ಣಿಗೆ ಕೆಜಿಗೆ 20 ಮಿಲಿಗ್ರಾಂ ಪಾದರಸ ಅಂತ ಮಿತಿ ಇಟ್ಟಾಗ ಅಲ್ಲಿನ ಮಂದಿ, ಕಾಡು ಕೆರಿ ಇರೋ ಊರಿಗೆ ಇದು ಸಾಲದು ಅಂತ ವರ್ಷಗಟ್ಟಲೆ ಹೋರಾಡಿದ್ರು. ಸೀಸ, ಕ್ರೋಮಿಯಂ ಇರೋ ಜಾಗಾದಾಗ ಆಶ್ರಯ ಮನಿ, ಅಂಗನವಾಡಿ ಬ್ಯಾಡ, ಇದು ನನ್ನ ಗಟ್ಟಿ ಅಭಿಪ್ರಾಯ. ಬಡವರಿಗೆ ಮನಿ ಕೊಡೋ ನೆಪದಾಗ ವಿಷದ ಮ್ಯಾಲ ಕುಂದ್ರಸೋದು ಅನ್ಯಾಯ. ಲಾರಿ ನಿಲ್ದಾಣ, ಗೋದಾಮು, ಸೋಲಾರ್ ಇಂಥಾದ್ದಾದ್ರ ಮ್ಯಾಲ ಗಟ್ಟಿ ಮುಚ್ಚಿಗಿ ಹಾಕಿ ನಡಸಬಹುದು.

ತಗದ ವಿಷದ ಮಣ್ಣು, ಸ್ಲಡ್ಜ್ ಹೋಗಬೇಕಾದದ್ದು ಮಂಡಳಿ ಆಥರೈಜೇಶನ್ ಇರೋ ಕೇಂದ್ರಕ್ಕ. ನಮ್ಮ ರಾಜ್ಯದ ದೊಡ್ಡ ಕೇಂದ್ರ ಇರೋದು ನೆಲಮಂಗಲ ಕಡೆ ದಾಬಸ್‌ಪೇಟೆಯೊಳಗ, ಹುಬ್ಬಳ್ಳಿಯಿಂದ ಸುಮಾರು 350 ಕಿಲೋಮೀಟರ್. ಲಾರಿ ಬಾಡಿಗಿ, ಟನ್ನಿನ ಫೀ ಎರಡೂ ಅಂದಾಜಿನ್ಯಾಗ ಹಾಕ್ರಿ, ಮಣ್ಣಿನ ತೂಕ ಭಾಳ ಏರತೈತಿ. ಅದಕ್ಕ ಎಲ್ಲಾ ಅಗದು ಕಳಿಸೋ ಬದ್ಲಿ ಕೆಟ್ಟದ್ದಷ್ಟ ಕಳಿಸಿ, ಉಳದದ್ದನ್ನ ಸಿಮೆಂಟ್, ಸುಣ್ಣ ಸೇರಿಸಿ ಗಟ್ಟಿ ಮಾಡೋದು, ಎಣ್ಣಿ ಮಣ್ಣಿಗೆ ಸೂಕ್ಷ್ಮಜೀವಿ ಬಿಡೋದು, ಕೆಟ್ಟ ನೀರು ಎತ್ತಿ ಶುದ್ಧ ಮಾಡೋದು ಇಂಥಾ ದಾರಿಗಳಾವ. ಅಗದ ಮಣ್ಣು ಊರಿನ ರಸ್ತೆ ತಗ್ಗು ತುಂಬಾಕ ಹೋಗದಂಗ ಗೇಟಿನ್ಯಾಗ ಕಾವಲು ಇರಲಿ, ಪ್ರತಿ ಲಾರಿಗೂ ಮ್ಯಾನಿಫೆಸ್ಟ್. ಕೆಲಸದ ಮಂದಿಗೆ ಮಾಸ್ಕ್, ತೊಳಕೊಳ್ಳಾಕ ನೀರು, ಧೂಳು ಏಳದಂಗ ನೀರು ಹೊಡಿಯೋದು ಟೆಂಡರ್ ಷರತ್ತಿನ್ಯಾಗನ ಬರಲಿ.

ಹೆಜ್ಜಿ 8: ಆಮ್ಯಾಲಿನ ವರ್ಷಗಳು

ಸದಸ್ಯರ ಅವಧಿ ಐದು ವರ್ಷ, ಅಧಿಕಾರಿಗಳು ವರ್ಗ ಆಗತಾರ, ಮಣ್ಣಿನ್ಯಾಗಿನ ಲೋಹ ಎಲ್ಲೂ ಹೋಗಂಗಿಲ್ಲ. ಅದಕ್ಕ ಜಾಗಾದ ದಾಖಲಿಯೊಳಗ, ನಗರಸಭೆ ಆಸ್ತಿ ರಜಿಸ್ಟರದಾಗ, ಇಲ್ಲಿ ಬೋರ್ ಹೊಡಿಯಂಗಿಲ್ಲ, ಇಷ್ಟು ಆಳಕ್ಕಿಂತ ಕೆಳಗ ಅಗಿಯಂಗಿಲ್ಲ ಅಂತ ಬರಸ್ರಿ. ಸುತ್ತ ನಾಲ್ಕೈದು ಕಡೆ ನೀರು ನೋಡೋ ಬೋರ್ ಹಾಕಿ ವರ್ಷಕ್ಕ ಎರಡು ಸಲ ಟೆಸ್ಟ್ ಮಾಡಸಾಕ ಪ್ರತಿ ಬಜೆಟ್ಟಿನ್ಯಾಗ ಬ್ಯಾರೆ ಶೀರ್ಷಿಕೆ ಇಡ್ರಿ. ರಿಪೋರ್ಟ್ ವಾರ್ಡ್ ಕಚೇರಿ ಗ್ವಾಡಿಗೆ ಹಚ್ಚರಿ, ಕನ್ನಡದಾಗ, ಮಿತಿ ಎಷ್ಟು, ಬಂದದ್ದು ಎಷ್ಟು ಅಂತ. ಬಾಜು ಓಣಿ ಬೋರ್ ಕೆಟ್ಟಿದ್ರ ರಿಪೋರ್ಟಿಗೆ ಕಾಯದ ಮೊದಲ ನಳದ ನೀರು ಕೊಡ್ರಿ.

ಈಗಾಗಲೇ ಜಾಗಾ ತಗೊಂಡ್ ಬಿಟ್ಟಿದ್ರ

ಹೆದರಬ್ಯಾಡ್ರಿ, ಮುಚ್ಚಿಡಬ್ಯಾಡ್ರಿ. ಮೊದಲ ಬೇಲಿ, ಕಾವಲು, ಬೋರ್ಡ್. ದನ ಕರ, ಮಕ್ಕಳು, ಗುಜರಿ ಆಯೋರು ಒಳಗ ಬರದಂಗ ನೋಡ್ರಿ. ಡ್ರಮ್ ಎಲ್ಲಾ ಸರಸದ, ಒಡೀದ, ಇದ್ದಲ್ಲೇ ಪಟ್ಟಿ ಮಾಡಿ ಮ್ಯಾಲ ತಾಡಪತ್ರಿ ಹೊಚ್ಚರಿ, ಸೋರತಿದ್ರ ಕೆಳಗ ತಟ್ಟಿ ಇಡಸ್ರಿ. ಮಳಿ ನೀರು ಒಳಗ ಬರದಂಗ, ಒಳಗಿನದು ಹೊರಗ ಹೋಗದಂಗ ಸಣ್ಣ ಬದು ಹಾಕಸ್ರಿ. ಅದೇ ವಾರ ಮಂಡಳಿಗೆ, ಜಿಲ್ಲಾಧಿಕಾರಿಗೆ ಪತ್ರ, ಹಳೇ ಕಂಪನಿಗೆ ಮತ್ತ ಅದರ ನಿರ್ದೇಶಕರಿಗೆ ವಕೀಲರಿಂದ ನೋಟಿಸ್. ಊರು ತಾನ ಮುಂದಾಗಿ ತಿಳಿಸಿದ್ದಕ್ಕೂ, ಯಾರೋ ದೂರು ಕೊಟ್ಟ ಮ್ಯಾಲ ಸಿಕ್ಕಿಬಿದ್ದಿದ್ದಕ್ಕೂ ನ್ಯಾಯಮಂಡಳಿ ಮುಂದ ಭಾಳ ಫರಕ್ ಐತಿ.

ಹಸಿರು ನ್ಯಾಯಮಂಡಳಿಗೆ ನಾವು ಹೋಗಬೇಕಾದದ್ದು ಚೆನ್ನೈದಾಗಿನ ದಕ್ಷಿಣ ಪೀಠಕ್ಕ. 14ನೇ ಸೆಕ್ಷನ್ ಕೆಳಗ ಹೋದ್ರ ಕಾರಣ ಹುಟ್ಟಿದ ಆರು ತಿಂಗಳದಾಗ, 15ನೇ ಸೆಕ್ಷನ್ ಕೆಳಗ ಪರಿಹಾರ, ಜಾಗಾ ಮೊದಲಿನಂಗ ಮಾಡಿಕೊಡೋದು ಕೇಳೋದಾದ್ರ ಐದು ವರ್ಷದೊಳಗ. ಎರಡಕ್ಕೂ ತಡ ಆದದ್ದಕ್ಕ ಸಕಾರಣ ತೋರಿಸಿದ್ರ 60 ದಿನ ಹೆಚ್ಚು ಸಿಗಬಹುದು, ಅದರ ಮುಂದ ಇಲ್ಲ. ಈ ತಾರೀಖಿನ ಲೆಕ್ಕ ಮೊದಲನೇ ಲ್ಯಾಬ್ ರಿಪೋರ್ಟ್ ಕೈಗೆ ಬಂದ ದಿನಾನ ವಕೀಲರ ಮುಂದ ಇಟ್ಟು, ಕಡೀ ದಿನ ಯಾವುದು ಅಂತ ಫೈಲಿನ ಮೊದಲನೇ ಹಾಳಿ ಮ್ಯಾಲ ಬರದಿಡ್ರಿ.